ಸೀರಿಯಲ್ ಮುಗಿದ ಮೇಲೆ ಸದಾನಂದ ಚಿಕ್ಕಪ್ಪ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಎಲ್ಲ ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತೀರಾ? ನಮ್ಮ ಫ್ಯಾಕ್ಟರಿಯಲ್ಲಿ ಹತ್ತೂ ಕಾಲಿಗೆ ಟೀ ಬೆಲ್. ಕ್ಯೂನಲ್ಲಿ ನಿಂತು ಲೋಟ ಕೈಗೆ ಬರಲು ಐದು ನಿಮಿಷ. ಲೋಟ ಬಂದ ಹೊತ್ತಿಗೇ ತಗಡು ಒತ್ತುವ ಪ್ರೆಸ್ ಮೆಷಿನ್ನಿನ ಆಪರೇಟರ್ ನಾಗೇಶ ತನ್ನ ಮೊಬೈಲ್ ಎತ್ತಿ ಹಿಡಿದ.

ಒಬ್ಬ ಸೀರಿಯಲ್ ಲೇಖಕರ ಸಂದರ್ಶನ. ನಾಲ್ಕು ವರ್ಷ ಓಡಿ, ಕಳೆದ ತಿಂಗಳು ಮುಗಿದ ಸೀರಿಯಲ್. ಅದರಲ್ಲಿ ಮದುವೆಯಾಗದ ಸದಾನಂದ ಚಿಕ್ಕಪ್ಪ ಅಂತೊಂದು ಪಾತ್ರ. ಹೂ ಕಟ್ಟುತ್ತಾನೆ, ರಂಗೋಲಿ ಹಾಕುತ್ತಾನೆ, ಅಣ್ಣನ ಮಕ್ಕಳಿಗೆ ಜಡೆ ಹೆಣೆಯುತ್ತಾನೆ. ಎಲ್ಲರಿಗೂ ಅಚ್ಚುಮೆಚ್ಚು. ಲೇಖಕರು ನಗುತ್ತಾ ಹೇಳಿದರು, ಸದಾನಂದ ಗೇ ಎಂದು. ಮೊದಲ ದಿನದಿಂದಲೂ ತಮ್ಮ ಮನಸ್ಸಿನಲ್ಲಿ ಹಾಗೇ ಇತ್ತಂತೆ.

(ಮನಸ್ಸಿನಲ್ಲಿ. ಸೀರಿಯಲ್‌ನಲ್ಲಿ ಅಲ್ಲ.)

ಟಿವಿಯ ಪಾತ್ರ ಏನಾಗಿದ್ದರೆ ಪೀಣ್ಯದ ಪ್ರೆಸ್ ಶಾಪಿಗೇನು? ಏನೂ ಆಗುತ್ತಿರಲಿಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದರೆ.

ಮೂರು ವರ್ಷದ ಹಿಂದೆ ಆಯುಧ ಪೂಜೆಯ ದಿನ. ಪವರ್ ಪ್ರೆಸ್ ನಡೆಸುವ ಈರಣ್ಣ ತಮ್ಮ ಮೆಷಿನ್ ಒರೆಸಿ, ಮಾವಿನೆಲೆ ಕಟ್ಟಿ, ಮುಂದೆ ರಂಗೋಲಿ ಬಿಟ್ಟಿದ್ದರು. ಕ್ವಾಲಿಟಿ ವಿಭಾಗದ ನಾವು ನಾಲ್ವರು ಹೆಂಗಸರು ಸೇರಿ ಬಿಟ್ಟದ್ದು ಅದರೆದುರು ಬರೀ ಕಾಗೆ ಕಾಲು. "ಓ, ಸದಾನಂದ ಚಿಕ್ಕಪ್ಪ ನಮ್ ಫ್ಯಾಕ್ಟರಿಗೇ ಬಂದ್ಬಿಟ್ರಲ್ಲ" ಅಂದೆ. ಎಲ್ಲರೂ ನಕ್ಕರು. ಈರಣ್ಣನೂ ನಕ್ಕರು. ನಲವತ್ತು ದಾಟಿದವರು, ಗದಗದ ಕಡೆಯವರು, ಮದುವೆಯಾಗಿಲ್ಲ, ಟಿ. ದಾಸರಹಳ್ಳಿಯಲ್ಲಿ ಒಂದು ರೂಮು. ಹೆಸರು ಅಂಟಿಕೊಂಡಿತು. ಶಿಫ್ಟ್ ಬೋರ್ಡಿನಲ್ಲಿ ಸೂಪರ್‌ವೈಸರ್ ಬರೆಯುವುದೂ ಸದಾನಂದ, ನಮ್ಮವರ ಬಾಯಿಂದ ಕೇಳಿ ರೂಮಿನ ಓನರ್ ಕೂಗುವುದೂ ಸದಾನಂದ.

(ಈರಣ್ಣ ಎಂಬುದು ಅವರ ನಿಜವಾದ ಹೆಸರಲ್ಲ, ಊರನ್ನೂ ಬದಲಿಸಿದ್ದೇನೆ. ಬರೆಯಲಾ ಎಂದು ಕೇಳಿಯೇ ಬರೆಯುತ್ತಿದ್ದೇನೆ. ಕೇಳುವುದನ್ನು ತಡವಾಗಿ ಕಲಿತೆ.)

ವಿಡಿಯೊ ಮುಗಿಯುತ್ತಲೇ ನಾಗೇಶ ಈರಣ್ಣನ ಕಡೆ ತಿರುಗಿದ. ಪಕ್ಕದ ಮೆಷಿನ್ನಿನವನು, ಮಧ್ಯಾಹ್ನದ ಊಟದ ಜೊತೆಗಾರ. "ಮೂರು ವರ್ಷ ಒಂದೇ ಡಬ್ಬಿಲಿ ತಿಂದಿದ್ದೀವಿ. ಒಂದ್ ಮಾತು ಹೇಳ್ಬಾರ್ದಿತ್ತಾ ಗುರು?"

ಎಲ್ಲರೂ ನಕ್ಕರು. ಈರಣ್ಣ ಟೀ ನೋಡುತ್ತಾ ನಕ್ಕರು. ನಾನು? ನಾನೂ ನಕ್ಕೆ. ಅದನ್ನು ಇಲ್ಲಿ ಬಿಟ್ಟು ಬರೆಯಲಾರೆ.

ಬುಧವಾರ ಅವರ ಲಾಕರ್ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು. ಗುರುವಾರ ಊಟದ ಬೆಂಚಿನಲ್ಲಿ ಅವರ ಎರಡೂ ಪಕ್ಕ ಖಾಲಿ. ಅದೇ ಸಂಜೆ ರೂಮಿನ ಓನರ್, ನಿಮ್ಮ ರೂಮಿಗೆ ಯಾರ್ಯಾರು ಬರ್ತಾರೆ ಎಂದು ವಿಚಾರಿಸಿದರಂತೆ. ಅಷ್ಟು ವರ್ಷ ಅದೇ ಮನುಷ್ಯ, ಅದೇ ರೂಮು, ಅದೇ ಹೆಸರು. ಹೊಸದಾಗಿ ಬಂದದ್ದು ಒಂದು ಸಂದರ್ಶನ ಮಾತ್ರ.

ಶುಕ್ರವಾರ ಊಟದ ನಂತರ ಪೀಸ್ ಅಳೆಯಲು ಈರಣ್ಣನ ಮೆಷಿನ್ ಹತ್ತಿರ ಹೋದೆ. ಅವರ ಕೈ ತಗಡು ಒತ್ತುವ ಅಚ್ಚಿನ ಕೆಳಗೆ, ಕಾಲು ಆ ಅಚ್ಚನ್ನು ಇಳಿಸುವ ಪೆಡಲ್ ಪಕ್ಕ. ಹಿಂದಿನಿಂದ ಬಂದ ನಾಗೇಶ ಅವರ ಸೊಂಟಕ್ಕೆ ಎರಡೂ ಕಡೆ ಬೆರಳಿನಿಂದ ಚುಚ್ಚಿದ. ಅವರು ಬೆಚ್ಚಿದರು. ಕಾಲು ಪೆಡಲ್ ಮೇಲೆ ಬಿತ್ತು.

ಧಡ್.

ಕೈ ಹೊರಗೆ ಬಂದಿತ್ತು. ಗ್ಲೌಸಿನ ಎರಡು ಬೆರಳ ತುದಿ ಬಂದಿರಲಿಲ್ಲ. ನಾನು ಅವರ ಬೆರಳು ಎಣಿಸಿದೆ. ಐದು. ಮತ್ತೆ ಎಣಿಸಿದೆ. ನಾಗೇಶ ಹೋಗಿ ಮೆಷಿನ್ನಿನ ಸ್ವಿಚ್ ಆರಿಸಿದ.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದರೂ ಎದ್ದು ಕೂರುತ್ತಿದ್ದೆ. ಎದ್ದವಳು ಬೆರಳು ಎಣಿಸುತ್ತಿದ್ದೆ, ನನ್ನವೇ.

ಕಣ್ಣಾರೆ ಕಂಡವಳು ನಾನೊಬ್ಬಳೇ. ಶನಿವಾರ ಸೂಪರ್‌ವೈಸರ್ ರಿಪೋರ್ಟ್ ಬರೆಯಲು ಹೇಳಿದರು. ಏನಾಯಿತು, ಯಾರಿಂದಾಯಿತು, ಯಾಕಾಯಿತು. ಪೂರ್ತಿ ಬರೆಯುತ್ತೇನೆ, ಆ ಸೀಮೆಸುಣ್ಣವನ್ನೂ ಬಿಡುವುದಿಲ್ಲ ಎಂದು ಪೆನ್ನು ಹಿಡಿದೆ. ನ್ಯಾಯ ಕೊಡಿಸುವ ಹುಮ್ಮಸ್ಸು. ಈರಣ್ಣ ಟೇಬಲ್ ಹತ್ತಿರ ಬಂದು ನಿಂತರು.

"ಯಾಕ ಅನ್ನೂದು ಬರೀಬ್ಯಾಡ್ರಿ ಮೇಡಂ. ನನ್ನ ಬಗ್ಗೆ ನಾನ ಏನೂ ಹೇಳಿಲ್ಲ. ಹಾಳ್ಯಾಗ ನೀವ್ಯಾಕ ಹೇಳ್ತೀರಿ?"

ಪೆನ್ನು ನಿಂತಿತು. ಮೂರು ವರ್ಷದಲ್ಲಿ ಎರಡನೇ ಸಲ ಅವರಿಗೆ ಹೆಸರಿಡಲು ಹೊರಟಿದ್ದೆ. ಆ ಲೇಖಕರು ತಮ್ಮ ಪಾತ್ರಕ್ಕೆ ಮಾಡಿದ್ದನ್ನೇ ನಾನು ಬದುಕಿರುವ ಮನುಷ್ಯನಿಗೆ ಮಾಡುವವಳಿದ್ದೆ. ನಾಗೇಶ ಮಾಡಿದ್ದನ್ನು ಬರೆದೆ. ಕಾರಣದ ಜಾಗದಲ್ಲಿ 'ಮೆಷಿನ್ ಬಳಿ ಹುಡುಗಾಟ' ಎಂದಷ್ಟೇ ಬರೆದೆ. ನಾಗೇಶನನ್ನು ಪ್ಯಾಕಿಂಗಿಗೆ ಹಾಕಿದರು.

ಸೋಮವಾರ ಹತ್ತು ಇಪ್ಪತ್ತಕ್ಕೆ ಲೋಟ ಹಿಡಿದು ಎಲ್ಲರೆದುರು ಹೇಳಿದೆ. ಆ ಹೆಸರು ಇಟ್ಟವಳು ನಾನು, ತಪ್ಪಾಯಿತು, ಇನ್ನು ಯಾರೂ ಹಾಗೆ ಕರೆಯಬೇಡಿ. ಟೀ ಆರಿತು. ಸಂಜೆ ಬೋರ್ಡಿನಲ್ಲಿ ಈರಣ್ಣನ ಹೆಸರಿತ್ತು.

ಸದಾನಂದ ಗೇ ಆಗಿರಬಾರದೆಂದು ನಾನು ಹೇಳುತ್ತಿಲ್ಲ. ಆಗಿದ್ದರೆ ನಾಲ್ಕು ವರ್ಷ ಅದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ, ಲೇಖಕ ಸ್ವಾಮಿ? ಜನ ಅವನನ್ನು ಮನೆಯವನಂತೆ ನೋಡುತ್ತಿದ್ದಾಗ ಹೇಳಿದ್ದರೆ, ಅವನ ಜೊತೆ ಅಳುತ್ತಿದ್ದರು, ಸಿಟ್ಟಾಗುತ್ತಿದ್ದರು, ನಿಧಾನಕ್ಕೆ ಒಪ್ಪುತ್ತಿದ್ದರೇನೋ. ಈಗ ಕಥೆ ನಿಮ್ಮ ಹತ್ತಿರವೇ ಉಳಿಯಿತು. ನಮ್ಮ ಪ್ರೆಸ್ ಶಾಪಿಗೆ ಬಂದದ್ದು ಬರೀ ಒಂದು ಪದ.

ಈ ಮಾತನ್ನು ಈರಣ್ಣ ನನಗಿಂತ ಚೆನ್ನಾಗಿ ಹೇಳಿದರು. ನಂತರದ ಗುರುವಾರ ಪೀಸ್ ಅಳೆಯುತ್ತಿದ್ದೆ. ಹೊಸ ಗ್ಲೌಸ್ ಏರಿಸಿಕೊಳ್ಳುತ್ತಾ, ಯಾರೂ ಕೇಳದೆಯೇ, ಅವರು ಅಂದರು. "ನಾಕ ವರ್ಷ ನೋಡೀವ್ರಿ ಮೇಡಂ. ಸೀರಿಯಲ್ ಮುಗಿಯೂದ್ರಾಗ ಅವಂಗ ಒಬ್ರನ್ನರ ಪ್ರೀತಿ ಮಾಡಾಕ ಬಿಡಬೇಕಿತ್ತು."

ಆ ಗುರುವಾರ, ಆರು ರಾತ್ರಿಗಳ ನಂತರ, ನಾನು ಅಲಾರಂ ಹೊಡೆಯುವವರೆಗೂ ಮಲಗಿದೆ. ನಿಮಗೆ ನಿದ್ದೆ ಬರುತ್ತಿದೆಯಾ ಎಂದು ಈರಣ್ಣನನ್ನು ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.