ಸೂಜಿಯಕ್ಕ ಹೇಳದ ಹೆಸರು

ನಮ್ಮ ಬೀದಿಯ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ಅವಳ ಕೈಯಿಂದ ಚುಚ್ಚಿಸಿಕೊಳ್ಳದ ತೋಳು ಈ ಸುತ್ತಮುತ್ತ ಸಿಗುವುದು ಕಷ್ಟ. ಮಗು ಬಾಯಿ ತೆರೆಯುವುದರೊಳಗೆ ಹತ್ತಿ ಒತ್ತಿ, "ಆಯ್ತು ಬಿಡು, ನಿಮ್ಮಪ್ಪ ಇದಕ್ಕಿಂತ ಜೋರಾಗಿ ಅತ್ತಿದ್ದ" ಎನ್ನುವಳು. ಕೈ ಹಗುರ, ನಾಲಿಗೆ ಚುರುಕು. ಆದರೆ ಒಂದು ಕಡೆ ಆ ನಾಲಿಗೆ ಮಡಚಿಕೊಳ್ಳುತ್ತಿತ್ತು. ಸೊಂಟದ ಕೆಳಗಿನ ಕಾಯಿಲೆಯ ಹೆಸರನ್ನು ಅವಳು ಗಂಡಸರೆದುರು ಹೇಳಿದವಳಲ್ಲ. ಅವಳೊಬ್ಬಳದೇ ತಪ್ಪೇನೂ ಅಲ್ಲ, ಕೇಂದ್ರದವರೆಲ್ಲ ಕಲಿತದ್ದು ಅದೇ ಪಾಠ. ಬಾಯಿಬಿಟ್ಟರೆ ಬಣ್ಣಗೇಡು. "ಹೆಂಗಸರ ತೊಂದರೆ" ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಈ ವರ್ಷ ಶಾಲೆಯ ಹುಡುಗಿಯರಿಗೆಂದು ಹೊಸ ಲಸಿಕೆ ಬಂತು. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವಂಥದ್ದು. ಎಳೆಯ ವಯಸ್ಸಿನಲ್ಲೇ ಹಾಕಬೇಕು. ಡಾಕ್ಟರಮ್ಮ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದರು: "ಕ್ಯಾನ್ಸರ್ ಬರಲ್ಲ ಅನ್ನಿ, ಸಾಕು. ಎಲ್ಲಿ ಬರುತ್ತೆ, ಹೇಗೆ ಬರುತ್ತೆ ಅಂತ ಬಿಡಿಸೋಕೆ ಹೋಗ್ಬೇಡಿ. ಅಪ್ಪಂದಿರು ಜಗಳಕ್ಕೆ ಬರ್ತಾರೆ."

"ಎಲ್ಲಿ ಅಂತ ಅವರೇ ಕೇಳಿದ್ರೆ?" ಎಂದಳು ಮಾತ್ರೆ ಕೊಡುವವಳು.

"ಸೂಜಿಯಕ್ಕನ ಹತ್ರ ಕಳಿಸು. ಏನಾದ್ರೂ ಹೇಳಿ ನಗಿಸಿ ಕಳಿಸ್ತಾರೆ."

ಇವರು ಖಾಲಿ ಬಿಟ್ಟ ಜಾಗವನ್ನು ಬೀದಿಯೇ ತುಂಬಿತು. ಹುಡುಗಿಯರಿಗೆ ಮಾತ್ರ ಯಾಕೆ? ಮುಂದೆ ಮಕ್ಕಳಾಗಬಾರದು ಅಂತಲೇ ಇರಬೇಕು. ಅಂಗಡಿಯಿಂದ ನಲ್ಲಿಗೆ, ನಲ್ಲಿಯಿಂದ ಶಾಲೆಯ ಗೇಟಿಗೆ ಆ ಮಾತು ಬೆಳೆಯುತ್ತ ಹೋಯಿತು. ಕೊನೆಗೆ ಒಪ್ಪಿಗೆ ಕೊಟ್ಟ ಮನೆಗಳು ಬೆರಳೆಣಿಕೆಯಷ್ಟು.

ಊರಿನ ತೋಳೆಲ್ಲ ಬಿಟ್ಟರೂ ಸೂಜಿಯಕ್ಕ ಬಿಡಲಾಗದ ಒಂದು ತೋಳಿತ್ತು. ತಮ್ಮನ ಮಗಳದ್ದು. ಆ ಹುಡುಗಿಯ ತಾಯಿ ಇದೇ ಕಾಯಿಲೆಯಲ್ಲಿ ನವೆದು ಹೋದವಳು. ಅವಳ ಬಟ್ಟೆ ಒಗೆದು, ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟು, ಕೊನೆಯವರೆಗೆ ಪಕ್ಕದಲ್ಲಿ ಕೂತವಳು ಸೂಜಿಯಕ್ಕ. ಈ ಸಲ ತಪ್ಪಿದರೆ ಹುಡುಗಿ ವಯಸ್ಸು ದಾಟಿ, ಶಾಲೆಯ ಸರದಿಯಿಂದ ಹೊರಗೆ ಬೀಳುತ್ತಾಳೆ.

ತಮ್ಮ ದರ್ಜಿ. ಸೂಜಿಯಕ್ಕ ಅಂಗಡಿಗೆ ಹೋದಾಗ ಕೊರಳಿಗೆ ಟೇಪು ಹಾಕಿಕೊಂಡು ಅಂಗಿ ಹೊಲಿಯುತ್ತಿದ್ದ. ಪರದೆಯ ಹಿಂದೆ ಮಗಳು ಗುಂಡಿ ಹಚ್ಚುತ್ತಿದ್ದಳು.

"ನಾಳೆ ಶಾಲೇಲಿ ಚುಚ್ಚುಮದ್ದು. ಸಹಿ ಹಾಕಿ ಕಳಿಸು. ನಾನೇ ಹಾಕ್ತೀನಿ."

ಮಷಿನ್ ನಿಲ್ಲಲಿಲ್ಲ. "ನಾನೂ ಸೂಜಿ ಹಿಡಿಯೋನೇ ಅಕ್ಕ. ಹರಿಯದ ಬಟ್ಟೆಗೆ ತೇಪೆ ಹಾಕಲ್ಲ."

"ತೇಪೆ ಅಲ್ವೋ. ನೂಲು ಬಿಚ್ಚದಿರಲಿ ಅಂತ ಅಂಚು ಮಡಚಿ ಹೊಲೀತೀಯಲ್ಲ, ಹಾಗೆ."

"ಮಾತಲ್ಲಿ ನಿನ್ನ ಗೆಲ್ಲೋರಿಲ್ಲ. ಬರೋ ಗಿರಾಕಿಗಳೆಲ್ಲ ಏನಂತಾರೆ ಗೊತ್ತಾ? ತಾಯಿ ಇಲ್ಲದ ಮಗು. ನಾಳೆ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳಲಿ?"

ಸೂಜಿಯಕ್ಕ ಪರದೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅವಳಮ್ಮ ಹೋಗಿದ್ದು ಇದರಿಂದಲೇ ಕಣೋ. ಗರ್ಭಕೊರಳಿನ ಕ್ಯಾನ್ಸರ್."

ಮಷಿನ್ ನಿಂತಿತು.

"ಹೊಟ್ಟೇಲಿ ಗಡ್ಡೆ ಅಂತ ಹೇಳಿದ್ದು ಯಾರು?"

"ನಾನೇ."

"ನೋಡೋಕೆ ಬಂದೋರಿಗೆಲ್ಲ ನಾನು ಅದನ್ನೇ ಹೇಳಿದೆ. ಮಾವನಿಗೂ ಅದನ್ನೇ ಹೇಳಿದೆ."

"ಅವಳೇ ಕೇಳ್ಕೊಂಡಳು. ಅವರಿಗೆ ಹೇಳ್ಬೇಡಿ ಅತ್ತಿಗೆ, ನಾಚಿಕೆ ಆಗುತ್ತೆ ಅಂದಳು. ಸಾಯೋಳ ಮಾತು ಹೇಗೆ ಮೀರಲಿ?"

ತಮ್ಮ ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟ. "ಹಾಗಾದ್ರೆ ಅವತ್ತಿನದು ಸುಳ್ಳೋ, ಇವತ್ತಿನದೋ? ನಿನ್ನ ಮದ್ದು ಖರ್ಚಾಗ್ಲಿ ಅಂತ ಸತ್ತೋಳ ಮೇಲೆ ಕೊಳಕು ಕಾಯಿಲೆ ಹೊರಿಸ್ತಿದ್ದೀಯಾ?"

"ಕೊಳಕಲ್ಲ ಅದು."

"ಕೊಳಕಲ್ಲದಿದ್ರೆ ಅವತ್ತೇ ಯಾಕೆ ಹೇಳಲಿಲ್ಲ?"

ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದೆ ಕೂಡಿಟ್ಟ ಮಾತೂ ಹಳಸುತ್ತದೆ. ತಮ್ಮ ತಲೆ ತಗ್ಗಿಸಿ ಮತ್ತೆ ಮಷಿನ್ ತುಳಿಯತೊಡಗಿದ.

ಮರುದಿನ ಶಾಲೆಯ ಕೋಣೆಯಲ್ಲಿ ಕೆಲಸ ಬೇಗ ಮುಗಿಯಿತು. ಒಪ್ಪಿಗೆ ತಂದಿದ್ದ ನಾಲ್ಕಾರು ಹುಡುಗಿಯರು ತೋಳು ಉಜ್ಜಿಕೊಳ್ಳುತ್ತ ಹೊರಟರು. ತಮ್ಮನ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಅತ್ತೆ, ನಿನ್ನೆ ನೀವು ಹೇಳಿದ್ದು ನನಗೆ ಕೇಳಿಸ್ತು. ಅಮ್ಮನಿಗೆ ಅದೇ ಆಗಿದ್ದಾ?"

ಬಾಗಿಲ ಪಕ್ಕ ಡ್ರಿಲ್ ಮೇಷ್ಟ್ರು ನಿಂತಿದ್ದರು. ಆದರೂ ಸೂಜಿಯಕ್ಕ ಗಟ್ಟಿಯಾಗಿಯೇ ಹೇಳಿದಳು, "ಹೌದು ಪುಟ್ಟಿ. ಅದೇ."

"ಹಾಗಾದ್ರೆ ನನಗೂ ಹಾಕಿ."

"ಅಪ್ಪನ ಸಹಿ ಇಲ್ಲದೆ ಆಗಲ್ಲ."

"ನಿಮ್ಮ ಮಾತು ಕೇಳಲ್ವಾ ಅಪ್ಪ?"

"ಕೇಳ್ತಿದ್ದ," ಎಂದಳು ಸೂಜಿಯಕ್ಕ.

ಹುಡುಗಿ ಆಗಲೇ ಅಂಗಿಯ ತೋಳನ್ನು ಭುಜದವರೆಗೆ ಸುತ್ತಿದ್ದಳು. ಅದನ್ನು ಇಳಿಸದೆ ಅಲ್ಲೇ ನಿಂತಳು. ಸೂಜಿಯಕ್ಕ ಉಳಿದ ಸೀಸೆಗಳನ್ನು ಐಸ್ ಪೆಟ್ಟಿಗೆಯೊಳಗೆ ಒಂದೊಂದಾಗಿ ಇಟ್ಟು ಮುಚ್ಚಳ ಒತ್ತಿದಳು. ಎತ್ತಿದರೆ, ಬೆಳಿಗ್ಗೆ ತಂದಾಗಿನಷ್ಟೇ ಭಾರವಿತ್ತು.