ಕಾವಲುಗಾರನ ಹೆಸರು

ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ, ತಪ್ಪೆಲ್ಲ ನಮ್ಮ ಬೆರಳಿನದೇ ಎಂದು ನಾನು ಬಹಳ ಜನರ ಬಾಯಿ ಮುಚ್ಚಿಸಿದ್ದೇನೆ. ಶಕುನ, ಸೂಚನೆ ಎಂದವರನ್ನು ಗೇಲಿ ಮಾಡಿದ್ದೂ ಉಂಟು. ಈಗ ನೀವು ನನ್ನನ್ನು ಗೇಲಿ ಮಾಡಬಹುದು, ನನ್ನ ತಕರಾರಿಲ್ಲ.

ಮೂರು ವರ್ಷದ ಹಿಂದೆ ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಊರಿನ ಕಾಡಂಚಿನ ಗದ್ದೆಗಳಲ್ಲಿ, ಆನೆ ಬಂದರೆ ಎಚ್ಚರಿಸುವ ಪೆಟ್ಟಿಗೆಗಳನ್ನು ಕೂರಿಸುವ ಕೆಲಸ ನನಗೆ ಬಂತು. ಎಲ್ಲವೂ ಒಂದೇ ಜಾಲಕ್ಕೆ ಸೇರಿದವು. ಯಾವ ಗದ್ದೆ, ಕಾವಲುಗಾರ ಯಾರು, ಯಾವ ಫೋನಿಗೆ ಕರೆ ಹೋಗಬೇಕು ಎಂದು ಲ್ಯಾಪ್‌ಟಾಪಿನಿಂದ ಒಂದೊಂದಕ್ಕೂ ವಿವರ ತುಂಬಬೇಕು. ಬರೆದದ್ದನ್ನು ಪೆಟ್ಟಿಗೆಯಿಂದ ವಾಪಸ್ ಓದಿಸಿ ತಾಳೆ ನೋಡುವುದು ನನ್ನ ರೂಢಿ.

ಕೊನೆಯ ಪೆಟ್ಟಿಗೆ ಸಾಂತಾನ ಸಿದ್ದಿಯ ಗದ್ದೆಯದು. ಮಟಮಟ ಮಧ್ಯಾಹ್ನ. ಅವನ ಹೆಸರು, ನಂಬರು ಬರೆದೆ. ವಾಪಸ್ ಓದಿಸಿದರೆ ‘ರೋಜಾ’ ಎಂದು ಬಂತು, ಜೊತೆಗೆ ಬೇರೆಯೇ ನಂಬರು. ಮೂರು ಸಲ ಬರೆದೆ, ಮೂರು ಸಲವೂ ಅದೇ.

“ಕಾವಲಿನವರೊಳಗ ರೋಜಾ ಅಂದ್ರ ಯಾರಪಾ?”

“ನನ್ನ ಹೇಣ್ತಿ ರೀ.” ಸಾಂತಾನ ನಕ್ಕ. “ಅಕಿ ಎಲ್ಲಿ ಕಾವಲಿಗೆ ಬರ್ತಾಳ್ರೀ? ಆನಿ ಅಂದ್ರ ಸಾಕು, ಬಾಗಲಾ ಹಾಕೋತಾಳ. ಅಕಿ ಕಡೆ ಫೋನೂ ಇಲ್ಲ.”

ಆ ನಂಬರನ್ನು ಡೈರಿಯಲ್ಲಿ ಬರೆದುಕೊಂಡು ಕರೆ ಮಾಡಿದೆ. ಚಾಲ್ತಿಯಲ್ಲಿಲ್ಲ ಎಂಬ ಉತ್ತರ. ಮನಸ್ಸು ಅಳುಕಿತು, ನಿಜ. ಆದರೆ ಹಟ ನನ್ನದು. ಇದ್ದ ವಿವರವನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದೆ. ಈ ಸಲ ಸಾಂತಾನನ ಹೆಸರು ನಿಂತಿತು. ಗೆದ್ದ ಖುಷಿಯಲ್ಲಿ, ಪೆಟ್ಟಿಗೆ ತೋರಿಸಿದ್ದನ್ನು ಅವನಿಗೆ ಹೇಳದೆ ಹಳಿಯಾಳದ ಬಸ್ಸು ಹತ್ತಿದೆ.

ಎರಡು ವಾರ ಕಳೆದು ಆನೆ ಬಂತು. ಪೆಟ್ಟಿಗೆ ತಪ್ಪದೆ ಕರೆ ಮಾಡಿತು, ನಾನು ಹಟಕ್ಕೆ ಬಿದ್ದು ಬರೆದ ನಂಬರಿಗೇ. ಮನೆಯಲ್ಲಿ ಮಲಗಿದ್ದ ಸಾಂತಾನ ಎದ್ದು, ಡಬ್ಬಿ ಬಡಿಯುತ್ತ ಗದ್ದೆಗೆ ಓಡಿದನಂತೆ. ಬೆಳಕು ಹರಿದ ಮೇಲೆ ಅವನ ಹೆಣ ತಂದರು.

ಹತ್ತು ದಿನ ಬಿಟ್ಟು ರೋಜಾ ಫೋನ್ ಮಾಡಿದಳು. “ಭತ್ತ ಇನ್ನಾ ನಿಂತೈತ್ರೀ. ಇನ್ನ ನಾನ ಕಾಯಬೇಕಲ್ಲ. ಫೋನ್ ನನಗ ಬರೂಹಂಗ ಮಾಡ್ರಿ.”

ಅವಳ ನಂಬರನ್ನು ಇಳಿಸಿಕೊಳ್ಳಲು ಡೈರಿಯಲ್ಲಿ ಸಾಂತಾನನ ಗದ್ದೆಯ ಪುಟ ತೆಗೆದೆ. ಅದು ಆಗಲೇ ಅಲ್ಲಿತ್ತು, ನನ್ನದೇ ಕೈಬರಹದಲ್ಲಿ, ಹತ್ತೂ ಅಂಕಿ.

“ಈ ನಂಬರ ನನ್ನ ಕಡೆ ಐತ್ರೀ” ಎಂದುಬಿಟ್ಟೆ.

“ಹೆಂಗ್ರೀ? ಸಿಮ್ ನಿನ್ನೆ ತಗೊಂಡೇನಿ.”

“ಸಾಂತಾನ ಬರಸಿದ್ದ” ಎಂದೆ. ಬಾಯಿಗೆ ಬಂದದ್ದು ಅದೊಂದೇ.

ಆಕೆ ಮೆಲ್ಲಗೆ ಕೇಳಿದಳು: “ಹಂಗಾರ ಅವರಿಗೆ ಮೊದಲ ಗೊತ್ತಿತ್ತೇನ್ರೀ? ಗೊತ್ತಿದ್ದೂ ಹೋದ್ರಾ?”

ಜಾಲದ ದಾಖಲೆಯನ್ನೆಲ್ಲ ಜಾಲಾಡಿದ್ದೇನೆ. ಆ ಮಧ್ಯಾಹ್ನ ನಾನು ಬರೆದ ಸಾಂತಾನನ ಹೆಸರು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಇದಕ್ಕೆ ಕಾರಣ ಏನೆಂದು ನಿಮಗೆ ಹೊಳೆದರೆ ಹೇಳಿ, ಕೇಳುತ್ತೇನೆ. ಆದರೆ ಮೊದಲು ಗೊತ್ತಾಗಿದ್ದು ಅವನಿಗಲ್ಲ, ನನಗೆ ಎಂದು ರೋಜಾಳಿಗೆ ಹೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.