ಇಲ್ಲ ಅನ್ನಬೇಕಿದ್ದ ಲಿಫ್ಟು

ಲಿಫ್ಟ್ ಹಾಕಿಸುವವರಿಗೆ ನಾನು ಹೇಳುವುದು ಒಂದೇ ಮಾತು: ಪ್ಯಾನೆಲ್ ಮೇಲಿನ ದೀಪ ನೋಡಿ ಖುಷಿಪಡಬೇಡಿ. ಲಿಫ್ಟ್ ಕೊಟ್ಟವನನ್ನೇ ಒಳಗೆ ನಿಲ್ಲಿಸಿ, ಎರಡು ಮಹಡಿಗಳ ನಡುವೆ ಬಂದಾಗ ಮೇನ್ ಸ್ವಿಚ್ ಇಳಿಸಿ. ಅವನ ಮುಖ ನೋಡಿದರೆ ಸಾಕು, ಮಿಕ್ಕದ್ದೆಲ್ಲ ಗೊತ್ತಾಗುತ್ತೆ. ಈ ಬುದ್ಧಿ ನನಗೆ ತಡವಾಗಿ ಬಂತು.

ಯಶವಂತಪುರದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಲಿಫ್ಟಿನ ಕಂಟ್ರೋಲ್ ಬೋರ್ಡು ಮಾಡುತ್ತೇವೆ. ಬಟನ್ ಒತ್ತಿದರೆ ಎಲ್ಲಿಗೆ ಹೋಗಬೇಕು, ಬಾಗಿಲು ಯಾವಾಗ ತೆಗೀಬೇಕು ಅಂತ ನಿರ್ಧರಿಸೋದು ಅದೇ. ಐಟಿಐ ಮುಗಿಸಿ ಲಿಫ್ಟಿನ ಹಳಿಗಳಿಗೆ ಗ್ರೀಸ್ ಹಚ್ಚುತ್ತಿದ್ದವನು ನಾನು. ಕೋಡ್ ಕಲಿತದ್ದು ಆಮೇಲೆ, ಹಠಕ್ಕೆ ಬಿದ್ದು. ಪಾಲುದಾರನೂ ಗ್ರೀಸಿನ ಕಾಲದ ಗೆಳೆಯನೇ. ಗಿರಾಕಿ ಹಿಡಿಯೋದು, ಚೌಕಾಸಿ ನನ್ನ ಪಾಲು, ಸೈಟಿಗೆ ಹೋಗಿ ಕೂರಿಸೋದು ಅವನ ಪಾಲು, ಕೋಡು ಇಬ್ಬರದೂ.

ನಮ್ಮ ಬೋರ್ಡುಗಳಲ್ಲಿ ಹಲವು ತರ. ಮೇಲೆ ಹೋಗೋದು, ಕೆಳಗೆ ಬರೋದು, ನಿಲ್ಲೋದು, ಬಾಗಿಲು ತೆಗೆಯೋದು, ಇಷ್ಟು ಎಲ್ಲ ಬೋರ್ಡಿಗೂ ಕಡ್ಡಾಯ. ಇನ್ನು ಕೆಲವು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯೋದು ಅಂಥದ್ದೊಂದು. ನಾವದಕ್ಕೆ ರೆಸ್ಕ್ಯೂ ಅಂತೀವಿ. ಮುಖ್ಯ ಪ್ರೋಗ್ರಾಮು ಮಾತ್ರ ಎಲ್ಲ ಬೋರ್ಡಿಗೂ ಒಂದೇ. ಅದು "ರೆಸ್ಕ್ಯೂ ಇದೆಯಾ?" ಅಂತ ಕೇಳಿದಾಗ, ಆ ಫಂಕ್ಷನ್ನೇ ಇಲ್ಲದ ಬೋರ್ಡು ಏನು ಹೇಳಬೇಕು? ಖಾಲಿ ಜಾಗವನ್ನು ಕರೆದರೆ ಇಡೀ ಪ್ರೋಗ್ರಾಮು ಕುಸಿದು ಬೀಳುತ್ತೆ.

ಅದಕ್ಕೆ ನಾನೊಂದು ಮ್ಯಾಕ್ರೋ ಬರೆದೆ. ಪ್ರೋಗ್ರಾಮು ಓಡುವ ಮೊದಲೇ, ಕಂಪೈಲರ್ ಅದನ್ನು ಚಿಪ್ಪಿನ ಭಾಷೆಗೆ ಇಳಿಸುವ ಹೊತ್ತಿನಲ್ಲೇ, ನಮ್ಮ ಪರವಾಗಿ ಕೋಡು ತುಂಬಿಕೊಡುವ ಸಾಲು ಅದು. ಬೋರ್ಡಿನ ಫೈಲಿನಲ್ಲಿ ರೆಸ್ಕ್ಯೂ ಇದ್ದರೆ ಅದನ್ನೇ ಜೋಡಿಸುತ್ತೆ. ಇರದಿದ್ದರೆ, "ಇಲ್ಲ" ಅಂತಷ್ಟೇ ಉತ್ತರಿಸುವ ಪುಟ್ಟ ಫಂಕ್ಷನ್ನನ್ನು ಅಲ್ಲಿ ಕೂರಿಸುತ್ತೆ. ಉತ್ತರ "ಇಲ್ಲ" ಬಂದರೆ ಪ್ಯಾನೆಲ್ಲಿನ ಹಸಿರು ದೀಪ ಹತ್ತುವುದಿಲ್ಲ. ತರಕಾರಿ ಗಾಡಿಯವನ ಹತ್ತಿರ ಕೊಸರಿಗೆ ಕರಿಬೇವು ಕೇಳುವ ಹಾಗೆ: ಇದ್ದರೆ ಕೊಡು, ಇಲ್ಲಾಂದ್ರೆ ಇಲ್ಲ ಅನ್ನು, ಮುಂದಿನ ಗಾಡಿಗೆ ಹೋಗ್ತೀನಿ.

"ಇದು ಥೇಟ್ ನಿನ್ನ ತರಾನೇ ಮಚ್ಚಾ," ಅಂತ ಪಾಲುದಾರ ನಕ್ಕಿದ್ದ. "ಬಾಯಿ ಬಿಟ್ಟರೆ ಮೊದಲು ಇಲ್ಲ."

ಶೆಟ್ಟಿಹಳ್ಳಿಯಲ್ಲಿ ಅಕ್ಕನ ಮನೆ. ಕೆಳಗಿನ ಮಹಡಿಗಳೆಲ್ಲ ಬಾಡಿಗೆಗೆ, ಮೇಲಿನದರಲ್ಲಿ ಅಕ್ಕ. ಮಂಡಿ ಆಪರೇಷನ್ ಆದಮೇಲೆ ಲಿಫ್ಟ್ ಬೇಕೇ ಬೇಕಾಯ್ತು, ಹಾಕಿಕೊಟ್ಟೆ. ರೆಸ್ಕ್ಯೂನೂ ಇರಲಿ ಅಂದರೆ ಬೇಡವೆಂದು ಬಿಡಿಸಿದವಳು ಅವಳೇ. ನಮ್ಮ ಮನೆಯಲ್ಲಿ ಚೌಕಾಸಿ ಬಂದದ್ದು ನನಗೊಬ್ಬನಿಗೇ ಅಲ್ಲ. "ಹಾಗಾದ್ರೆ ಕರೆಂಟ್ ಹೋದ ತಕ್ಷಣ ಬೆಲ್ ಒತ್ತು, ಕೆಳಗಿನವರು ಬಂದು ತೆಗೀತಾರೆ," ಅಂದಿದ್ದೆ. ಬಾಡಿಗೆಯವರಿಗೂ ತೋರಿಸಿಕೊಟ್ಟಿದ್ದೆ. ಬೆಲ್ಲಿಗೂ ಪ್ಯಾನೆಲ್ಲಿನ ದೀಪಕ್ಕೂ ಆಗುವಷ್ಟು ಪುಟ್ಟ ಸೆಲ್ಲು ಎಲ್ಲ ಲಿಫ್ಟಲ್ಲೂ ಇರುತ್ತೆ, ಲಿಫ್ಟನ್ನು ಎಳೆಯೋಕೆ ಅದು ಸಾಲದು.

ಕೆಲವು ತಿಂಗಳಾದ ಮೇಲೆ ಪಾಲುದಾರ ಅಲ್ಲಿಗೆ ಸರ್ವಿಸಿಗೆ ಹೋಗಿ, ಹೊಸ ಸಾಫ್ಟ್‌ವೇರ್ ಹಾಕಿ ಬಂದ. ಆ ವಾರವೇ ಅಕ್ಕ ಒಂದು ಡಬ್ಬಿ ತುಂಬ ಹೋಳಿಗೆ ಕಳಿಸಿದಳು. ಫೋನ್ ಮಾಡಿದರೆ, "ನಂಗೆಲ್ಲಾ ಗೊತ್ತಾಯ್ತು ಕಣೋ. ಬಾಯಲ್ಲಿ ಹೇಳದೇನೇ ಮಾಡ್ತೀಯ ನೀನು," ಅಂದಳು. ಏನು ಗೊತ್ತಾಯ್ತು ಅಂತ ಕೇಳಲಿಲ್ಲ. ಹೋಳಿಗೆ ಬಂದಾಗ ಕಾರಣ ಕೇಳುವುದು ವ್ಯಾಪಾರಸ್ಥನ ಲಕ್ಷಣವಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಅವಳ ಬಾಡಿಗೆಯವರು ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಅಕ್ಕನನ್ನು ಹೊರಗೆ ತಂದಿದ್ದರು. ಲಿಫ್ಟಿನ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ಸೀರೆಯೆಲ್ಲ ಬೆವರಲ್ಲಿ ನೆಂದಿತ್ತು, ಕೈಯಲ್ಲಿ ಕೊತ್ತಂಬರಿ ಕಟ್ಟು ಹಾಗೇ ಇತ್ತು. ಫೋನ್ ಮನೆಯಲ್ಲೇ ಬಿಟ್ಟು ಇಳಿದಿದ್ದಳಂತೆ. ಲಿಫ್ಟಲ್ಲಿ ವಾಪಸ್ ಬರುವಾಗ ಕರೆಂಟ್ ಹೋಯ್ತು.

"ಬೆಲ್ ಯಾಕೆ ಒತ್ತಲಿಲ್ಲ?" ಅಂದೆ.

"ಹಸಿರು ದೀಪ ಹತ್ತಿತ್ತಲ್ಲೋ. ಈಗ ಇಳಿಯುತ್ತೆ, ಈಗ ಇಳಿಯುತ್ತೆ ಅಂತ ನಿಂತಿದ್ದೆ. ಕಾಲು ಸೋತಮೇಲೇ ಒತ್ತಿದ್ದು."

"ನಿನ್ನ ಲಿಫ್ಟಲ್ಲಿ ರೆಸ್ಕ್ಯೂ ಇಲ್ಲ ಅಂತ ನಿಂಗೇ ಗೊತ್ತಲ್ಲ."

"ಸರ್ವಿಸಿಗೆ ಬಂದ ದಿನದಿಂದ ಹತ್ತುತ್ತಿದೆ. ನೀನೇ ಗುಟ್ಟಾಗಿ ಹಾಕಿಸ್ದೆ ಅಂದ್ಕೊಂಡೆ." ಆಮೇಲೆ ಬೇರೆ ಕಡೆ ತಿರುಗಿ, "ಬೀದಿಗೆಲ್ಲಾ ಹೇಳ್ಕೊಂಡು ಬಂದಿದ್ದೀನಿ, ನನ್ನ ತಮ್ಮ ಹಾಕಿಸಿದ್ದು ಅಂತ," ಅಂದಳು.

ಹೋಳಿಗೆ ಯಾಕೆ ಬಂದಿತ್ತು ಅಂತ ಆಗ ತಿಳೀತು.

ವರ್ಕ್‌ಶಾಪಿಗೆ ಬಂದು ಮ್ಯಾಕ್ರೋ ಇದ್ದ ಫೈಲ್ ತೆರೆದೆ. ಸಾಲು ನನ್ನದೇ, ಒಂದೇ ಒಂದು ಪದ ಬೇರೆ. ನಾನು "ಇಲ್ಲ" ಅಂತ ಬರೆದ ಕಡೆ "ಸಿದ್ಧ" ಅಂತಿತ್ತು. ಮ್ಯಾಕ್ರೋದ ಶಕ್ತಿಯೂ ಅದೇ, ಅಪಾಯವೂ ಅದೇ. ಒಂದು ಕಡೆ ತಿದ್ದಿದರೆ ಅದನ್ನು ನಂಬಿಕೊಂಡ ಬೋರ್ಡೆಲ್ಲ ಬದಲಾಗುತ್ತೆ, ಕಂಪೈಲರ್ ತಕರಾರೂ ತೆಗೆಯಲ್ಲ. ರೆಸ್ಕ್ಯೂ ಬ್ಯಾಟರಿಯೇ ಇಲ್ಲದ ಎಷ್ಟೋ ಲಿಫ್ಟುಗಳು ನಮ್ಮ ಹೆಸರಲ್ಲಿ ಹಸಿರು ದೀಪ ಹತ್ತಿಸಿಕೊಂಡು ಓಡಾಡುತ್ತಿದ್ದವು.

ಪಾಲುದಾರ ಟೀ ಹಿಡಿದುಕೊಂಡು ಬಂದ. ಸ್ಕ್ರೀನ್ ನೋಡಿದವನೇ ಲೋಟ ಕೆಳಗಿಟ್ಟ.

"ಯಲಹಂಕದ ಹತ್ರ ಸಿಂಗಾಪುರ ಇದೆಯಲ್ಲ, ಅಲ್ಲಿನ ಅಪಾರ್ಟ್‌ಮೆಂಟಿಗೆ ಮಾಡಿದ್ದು ಮಗಾ. ಬ್ಯಾಟರಿ ಕಿಟ್ ಬಂದಿರ್ಲಿಲ್ಲ, ದೀಪ ಹತ್ತದೇ ಬಿಲ್ಡರ್ ಒಪ್ಕೋತಿರ್ಲಿಲ್ಲ. ಕಿಟ್ ಬಂದಮೇಲೆ ಹಾಕಿದ್ದೀನಿ. ಇದನ್ನ ವಾಪಸ್ ಮಾಡೋಕೆ ಮರೆತೆ."

"ಆ ಒಂದು ಬೋರ್ಡಿನ ಫೈಲ್ ತಿದ್ದಬಹುದಿತ್ತಲ್ಲ. ಮ್ಯಾಕ್ರೋಗೆ ಯಾಕೆ ಕೈ ಹಾಕ್ದೆ?"

"ಬೋರ್ಡಿನ ಫೈಲ್ ನೀನು ದಿನಾ ತೆಗೀತೀಯ, ತಿದ್ದಿದ್ರೆ ನಿನ್ನ ಕಣ್ಣಿಗೆ ಬೀಳ್ತಿತ್ತು. ಮ್ಯಾಕ್ರೋನ ಯಾರು ನೋಡ್ತಾರೆ?"

ಅವನನ್ನೇ ನೋಡಿದೆ. "ಅಕ್ಕನ ಮನೆ ಸರ್ವಿಸ್ ಮಾಡಿದ್ದು ನೀನೇ. ಅಲ್ಲಿ ದೀಪ ಹತ್ತಿದ್ದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

ಲೋಟವನ್ನು ತಿರುಗಿಸುತ್ತಾ ಕೂತ. "ಬಿತ್ತು. ಅಕ್ಕ ಅಷ್ಟು ಖುಷಿಯಾಗಿ ಕಾಫಿ ಕೊಟ್ರು, ನಿನ್ನನ್ನ ಹೊಗಳ್ತಾನೇ ಇದ್ರು. ಹೆಂಗ್ ಹೇಳ್ಲಿ ಗುರು?"

ಬಿಲ್ಡರನಿಗೆ ಸುಳ್ಳು ಹೇಳಿದ್ದನ್ನು ನುಂಗಿಕೊಳ್ಳುತ್ತಿದ್ದೆನೋ ಏನೋ. ವ್ಯಾಪಾರದಲ್ಲಿ ಅಷ್ಟಿಷ್ಟು ನೋಡಿದ್ದೇನೆ. ಇವನು ಮಾತ್ರ ಆ ಸುಳ್ಳು ದೀಪದ ಕೆಳಗೆ ನಿಂತು, ಅಕ್ಕನ ಕೈಯಿಂದ ಕಾಫಿ ಕುಡಿದು ಬಂದಿದ್ದ. ನನ್ನ ಎದುರಿಗೇ ಕೂತು ಆ ಹೋಳಿಗೆಯನ್ನೂ ತಿಂದಿದ್ದ.

ಪಾಲು ಮುರಿದುಕೊಂಡೆವು. ಮ್ಯಾಕ್ರೋದಿಂದ ಆ ತಾನಾಗಿ ತುಂಬುವ ಉತ್ತರವನ್ನೇ ಕಿತ್ತುಹಾಕಿದೆ. ಈಗ ಪ್ರತಿ ಬೋರ್ಡಿನ ಫೈಲಿನಲ್ಲೂ ರೆಸ್ಕ್ಯೂ ಇದೆ ಅಥವಾ ಇಲ್ಲ ಅಂತ ಕೈಯಾರೆ ಬರೀಬೇಕು. ಬರೆಯದಿದ್ದರೆ ಕಂಪೈಲರ್ ಅಲ್ಲೇ ನಿಂತು ಜಗಳ ತೆಗೆಯುತ್ತೆ. ಮೊದಲ ದಿನ ಸ್ಕ್ರೀನ್ ತುಂಬ ಎರರ್. ಇಂಥ ಕೋಡ್ ಬರೆಯುವವರಿಗೆ ನನ್ನ ಸಲಹೆ ಇಷ್ಟೇ: ಸುಮ್ಮನಿದ್ದವರ ಪರವಾಗಿ ಉತ್ತರ ತುಂಬುವ ಸಾಲು ಬರೆಯಬೇಡಿ. ಅದು ಯಾರ ಕೈಗೆ ಸಿಗುತ್ತೋ ಗೊತ್ತಿಲ್ಲ. ಆಮೇಲೆ ಯಲಹಂಕ, ಆರ್‌ಟಿ ನಗರ ಅಂತ ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಹಸಿರು ದೀಪ ಆರಿಸಿದೆ. ಹತ್ತುತ್ತಿದ್ದ ದೀಪವನ್ನು ಯಾಕೆ ಆರಿಸುತ್ತೀರಿ ಅಂತ ಜನ ಬೈದರು.

ಅಕ್ಕನ ಲಿಫ್ಟಿಗೆ ನಿಜವಾದ ಬ್ಯಾಟರಿ ಕಿಟ್ಟನ್ನೇ ಹಾಕಿಸಿದೆ. ಅವಳನ್ನು ಮೊದಲ ಮಹಡಿಯ ಬಾಗಿಲ ಹತ್ತಿರ ನಿಲ್ಲಿಸಿ, ನಾನು ಒಳಗೆ ಹೋಗಿ, ಎರಡು ಮಹಡಿಗಳ ನಡುವೆ ಬಂದಾಗ ಮೇನ್ ಇಳಿಸಲು ಬಾಡಿಗೆಯವರಿಗೆ ಹೇಳಿದೆ. ಲಿಫ್ಟು ಮೆಲ್ಲಗೆ ಇಳಿದು ಅವಳ ಎದುರಿಗೇ ಬಾಗಿಲು ತೆಗೀತು. ಹಸಿರು ದೀಪ ಹತ್ತಿತ್ತು.

"ನೋಡ್ದೆಯಲ್ಲ. ಬಾ ಅಕ್ಕ."

"ನೀನು ಹೋಗಿರು, ಬರ್ತೀನಿ," ಅಂದಳು. ಕಂಬಿ ಹಿಡಿದು, ಮಂಡಿ ಎತ್ತಲಾರದೆ ಎತ್ತಿ, ಮೆಟ್ಟಿಲು ಹತ್ತತೊಡಗಿದಳು.